ಬ್ಲೌಸಿಗೆ ಹೊಟ್ಟೆಯ ಅಳತೆ

ಕಳೆದ ತಿಂಗಳು ಒಂದು ಮಧ್ಯಾಹ್ನ ಊಟ ಮುಗಿಸಿ ಸೋಫಾಕ್ಕೆ ಒರಗಿದ್ದೆ. ಠಾಣೆ ಊರಿನಿಂದ ಫೋನು ಬಂತು. ಟೈಲರಕ್ಕನ ಸೊಸೆ. ಮರಾಠಿ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಆದರೆ ಮಾತು ಹಿಂದಿಗೆ ಜಾರುತ್ತದೆ. ನಿಮ್ಮ ಬಟ್ಟೆ ಇಲ್ಲೇ ಉಳಿದಿದೆ ಆಂಟಿ, ಅಮ್ಮ ಹೋಗಿ ಹದಿಮೂರು ದಿನ ಆಯಿತು, ಗಿರಾಕಿಗಳ ಬಟ್ಟೆ ಎಲ್ಲ ವಾಪಸ್ ಕೊಡುತ್ತಿದ್ದೇನೆ, ಬಂದು ತಗೊಂಡು ಹೋಗಿ ಅಂದಳು. ಎಲ್ಲಿಗೆ ಹೋದರು ಎಂದು ನಾನು ಕೇಳಿಯೇಬಿಟ್ಟೆ, ಅಷ್ಟು ದಡ್ಡಿ. ಉತ್ತರ ಕೇಳಿ ಫೋನು ಕೆಳಗಿಟ್ಟೆ. ಯಾರು, ಏನಾಯಿತು ಎಂದು ನಮ್ಮ ಮನೆಯವರು ಕೇಳಿದರು. ನನ್ನನ್ನು ಬದುಕಿಸಿದವರು ಹೋದರಂತೆ ಎಂದೆ.

ಹೆಸರು ಬರೆಯುವುದಿಲ್ಲ. ತನ್ನ ಹೆಸರು ಅಚ್ಚಾಗಿದೆ ಎಂದು ಗೊತ್ತಾದರೆ ಅವರು ಎಲ್ಲಿದ್ದರೂ ಮುಖ ಸಿಂಡರಿಸಿಯಾರು. ಠಾಣೆಯ ವರ್ತಕ ನಗರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ. ನಮ್ಮ ಉಡುಪಿ ಕಡೆಯ ಹೆಂಗಸರಿಗೆ ಟೈಲರಕ್ಕ, ಅಕ್ಕನನ್ನು ತಾಯಿ ಎನ್ನುವ ಮರಾಠಿಯವರಿಗೆ ಟೈಲರ್‌ತಾಯಿ. ಹಳೆಯ ನಾಲ್ಕು ಮಾಳಿಗೆಯ ಕಟ್ಟಡದ ನೆಲಮಹಡಿ, ಬಾಲ್ಕನಿಗೆ ಗ್ರಿಲ್ ಹಾಕಿ ಮಾಡಿಕೊಂಡ ಅಂಗಡಿ. ಒಂದು ಕಾಲುಮಿಷನ್ನು, ಒಂದು ಸ್ಟೂಲು, ಅಳತೆ ಕೊಡಲು ಪರದೆಯ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ. ಗಂಡ ಹೋಟೆಲಿನಲ್ಲಿ ಅಡುಗೆಯವರು, ಬೇಗ ತೀರಿಕೊಂಡಿದ್ದರು. ಇದ್ದ ಒಬ್ಬ ಮಗನನ್ನು ಆ ಮಿಷನ್ನೇ ಓದಿಸಿತು.

ನೋಡಲಿಕ್ಕೆ ಇಷ್ಟೇ ಇಷ್ಟು ಹೆಂಗಸು. ಕುತ್ತಿಗೆಯಲ್ಲಿ ಸದಾ ಟೇಪು, ತುಟಿಗಳ ನಡುವೆ ಸದಾ ನಾಲ್ಕು ಗುಂಡುಪಿನ್ನು. ಪಿನ್ನಿನ ಕಾರಣಕ್ಕೋ ಏನೋ, ಮಾತು ಕಡಿಮೆ. ನಾವು ಸ್ಟೂಲಿನ ಮೇಲೆ ಕೂತು ಇಡೀ ಕಾಲೊನಿಯ ಸುದ್ದಿ ಹರವಿದರೂ ಅವರದ್ದು ಮೂಗಿನೊಳಗೇ ಒಂದು ಹೂಂ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರನ್ನು ನಾನು ಜೀವಮಾನದಲ್ಲಿ ನೋಡಿದ್ದು ಅವರೊಬ್ಬರನ್ನೇ. ಆ ಒಂದು ಕಾರಣಕ್ಕೆ, ನಾವು ಸಾನಪಾಡಾಕ್ಕೆ ಮನೆ ಬದಲಾಯಿಸಿದ ಮೇಲೂ ನಾನು ಲೋಕಲ್ ಟ್ರೇನು ಹಿಡಿದು, ಠಾಣೆಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಮೊಣಕೈ ತಿವಿಸಿಕೊಂಡು ಅವರಲ್ಲಿಗೇ ಹೋಗುತ್ತಿದ್ದೆ. ಇಲ್ಲೇ ಪಕ್ಕದ ವಾಶಿಯಲ್ಲಿ ಟೈಲರುಗಳಿಲ್ಲವಾ ಎಂದು ಮಗಳು ಅಣಕಿಸುತ್ತಿದ್ದಳು.

ಅಳತೆ ತೆಗೆಯುವಾಗ ಮಾತ್ರ ಅವರ ಬಾಯಿಂದ ಒಂದು ಮಾತು ತಪ್ಪದೆ ಬರುತ್ತಿತ್ತು: "ಉಸಿರು ಬಿಡಿ." ಟೇಪು ಮೈಗೆ ತಾಗಿದ ಕೂಡಲೇ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದ ಹೆಂಗಸು ಈ ಲೋಕದಲ್ಲಿ ಇಲ್ಲವಷ್ಟೆ. ಟೇಪು ಹಿಡಿದು ಅವರು ಸುಮ್ಮನೆ ನಿಲ್ಲುತ್ತಿದ್ದರು. ಎಷ್ಟು ಹೊತ್ತು ಅಂತ ಉಸಿರು ಕಟ್ಟಿಕೊಳ್ಳುತ್ತೀರಿ? ಬಿಡಲೇಬೇಕು. ಬಿಟ್ಟಮೇಲೆ ಬಂದ ಅಂಕೆಯನ್ನು ಬರೆದುಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ, ಉದ್ದನೆಯ ಬೈಂಡು ಪುಸ್ತಕ. ಎದೆ, ತೋಳು, ಬೆನ್ನು. ಕೊನೆಗೆ ಹೊಟ್ಟೆ.

ಬ್ಲೌಸಿಗೆ ಹೊಟ್ಟೆಯ ಅಳತೆ ಯಾಕೆ ಹೇಳಿ! ಬ್ಲೌಸು ಎದೆಯ ಕೆಳಗೇ ಮುಗಿಯಿತು. ಲಂಗಕ್ಕೆ ಲಾಡಿ, ಚೂಡಿದಾರದ ಪ್ಯಾಂಟಿಗೂ ಲಾಡಿ. ನಾವೆಲ್ಲ ಇದನ್ನು ಹಿಡಿದು ನಗುತ್ತಿದ್ದೆವು. ಹುಬ್ಬಳ್ಳಿ ಕಡೆಯ ಟೀಚರೊಬ್ಬರು, "ಅಕ್ಕಾರು ನಮ್ಮ ಹೊಟ್ಟಿಗೂ ಬ್ಲೌಸ್ ಹೊಲೀತಾರ ನೋಡ್ರಿ" ಎಂದು ಹೇಳಿ ಇಡೀ ಪರದೆ ಅಲುಗಾಡುವಂತೆ ನಕ್ಕದ್ದು ನೆನಪಿದೆ. ಟೈಲರಕ್ಕ ಅಂಕೆ ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದರು.

ಅಷ್ಟೇ ಆಗಿದ್ದರೆ ಒಂದು ಹುಚ್ಚು ಎಂದು ಬಿಡಬಹುದಿತ್ತು. ಪ್ರಶ್ನೆಗಳೂ ಇದ್ದವು. ಕುತ್ತಿಗೆ ಗುಂಡಗಿರಲಾ ಚೌಕವಾ ಎಂದು ಕೇಳಿದ ಅದೇ ದನಿಯಲ್ಲಿ, ಊಟ ಸರಿ ಸೇರುತ್ತದಾ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತದಾ? ಕೈತೋಳು ಸಡಿಲ ಇಡಲಾ, ಪದೇ ಪದೇ ಒಂದಕ್ಕೆ ಓಡಬೇಕಾಗುತ್ತದಾ? ಹಿಂದೆ ಗುಂಡಿಯಾ ದಾರವಾ, ಕೆಳಹೊಟ್ಟೆ ನೋಯುತ್ತದಾ, ಹೊಟ್ಟೆ ಉಬ್ಬಿದ್ದು ಇಳಿಯುತ್ತದಾ ಇಲ್ಲ ಹಾಗೇ ಇರುತ್ತದಾ? ಇರುತ್ತದೆ ಎಂದರೆ, ಎಷ್ಟು ವಾರದಿಂದ? ಒಂದು ದಿನ ಇದ್ದು ಮರುದಿನ ಹೋಗುವುದಾದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಎರಡು ಮೂರು ವಾರದಿಂದ ಬಿಡದೆ ಉಂಟು ಎಂದರೆ ಮಾತ್ರ ತುಟಿಯ ಪಿನ್ನು ಒಂದೊಂದೇ ತೆಗೆದು ಮಿಷನ್ನಿನ ಮೇಲಿನ ದಿಂಬಿಗೆ ಚುಚ್ಚುತ್ತಿದ್ದರು. ಆಮೇಲೆ ಹೇಳುತ್ತಿದ್ದರು, ಒಮ್ಮೆ ಹೆಂಗಸರ ಡಾಕ್ಟರಿಗೆ ತೋರಿಸಿ, ಸೋನೋಗ್ರಫಿ ಮಾಡಿಸಿ ಎಂದು.

ಎಷ್ಟೋ ಸಲ ಅವರ ಲೆಕ್ಕ ತಪ್ಪಿದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಮೂರನೇ ಮಾಳಿಗೆಯ ಹೊಸ ಮದುಮಗಳನ್ನು ಹೀಗೇ ಕಳಿಸಿದ್ದರು, ಅವಳು ಬಸುರಿ ಎಂದು ತಿಳಿಯಿತು. ಅತ್ತೆ ಬಂದು, ಕಾಯಿಲೆ ಎಂದು ನನ್ನ ಸೊಸೆಯನ್ನು ಹೆದರಿಸಿದೆಯಲ್ಲ ಎಂದು ಗ್ರಿಲ್ಲು ಹಿಡಿದು ಕೂಗಾಡಿದರು. ಟೈಲರಕ್ಕ ಎದ್ದು ಒಳಗೆ ಹೋಗಿ ಸಕ್ಕರೆ ತಂದು ಅತ್ತೆಯ ಬಾಯಿಗೆ ಹಾಕಿದರು. ಇನ್ನೊಬ್ಬಳದ್ದು ಬರೀ ಬೊಜ್ಜು. ಮತ್ತೊಬ್ಬಳಿಗೆ ಗರ್ಭಕೋಶದಲ್ಲಿ ನಿರುಪದ್ರವಿ ಗಂಟು. ಏನೂ ಇಲ್ಲವಂತೆ, ಸುಮ್ಮನೆ ಓಡಾಡಿಸಿದಿರಿ ಎಂದು ಬಂದು ದೂರಿದವರಿಗೆ, "ಏನೂ ಇಲ್ಲ ಅಂತ ಕೇಳ್ಲಿಕ್ಕೇ ನಾನು ಕಳಿಸಿದ್ದು ಮಾರಾಯ್ರೆ" ಎನ್ನುತ್ತಿದ್ದರು. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ಸಮಾಧಾನವನ್ನು ನಾನು ಸೋತವಳ ಪೆಚ್ಚು ನಗೆ ಎಂದುಕೊಂಡಿದ್ದೆ. ಥೂ, ನನ್ನ ಬುದ್ಧಿಯೇ.

ಈಗ ನನ್ನ ಕಥೆ. ಮಗಳ ಮದುವೆ ನಿಶ್ಚಯವಾದ ವರ್ಷ. ನನಗೆ ಐವತ್ತೆರಡು, ಮುಟ್ಟು ನಿಂತು ಎರಡು ವರ್ಷ ದಾಟಿತ್ತು. ಆಷಾಢದ ಹೊತ್ತಿಗೆ ಊಟ ಕಡಿಮೆಯಾಯಿತು. ಎರಡು ಇಡ್ಲಿಗೆ ಕುತ್ತಿಗೆವರೆಗೆ ತುಂಬಿದ ಹಾಗೆ. ನಮ್ಮದು ಹೋಟೆಲಿನ ಮನೆ. ಹೊಟ್ಟೆಯ ಯಾವ ತಕರಾರಿಗೂ ನಮ್ಮಲ್ಲಿ ಒಂದೇ ಹೆಸರು, ಗ್ಯಾಸು. ಜೀರಿಗೆ ಕಷಾಯ ಕುಡಿದೆ, ಓಮದ ನೀರು ಕುಡಿದೆ, ಮೆಡಿಕಲ್ಲಿನ ಗುಳಿಗೆ ನುಂಗಿದೆ. ಅಷ್ಟರಲ್ಲಿ ಚಾತುರ್ಮಾಸ್ಯ ಬಂತು. ಭಜನೆಯ ಹೆಂಗಸರು, ಈ ಸಲ ನಿಮ್ಮದು ವ್ರತ ಬಹಳ ಕಟ್ಟುನಿಟ್ಟು, ಎಲೆಯಲ್ಲಿ ಬಡಿಸಿದ್ದು ಹಾಗೇ ಉಳಿಯುತ್ತದೆ ಎಂದು ಹೊಗಳಿದರು. ನಾನು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಅಲ್ಲ ಎನ್ನಬೇಕಿತ್ತು ತಾನೆ? ಎನ್ನಲಿಲ್ಲ. ಕಣ್ಣು ಅರ್ಧ ಮುಚ್ಚಿ, ಏನೋ ದೇವರು ಮಾಡಿಸುತ್ತಾನೆ ಎಂದುಬಿಟ್ಟೆ. ಹೊಗಳಿಕೆ ಅಷ್ಟು ಸಿಹಿಯಾಗಿತ್ತು.

ಮದುವೆಯ ಸೀರೆಗೆ ಬ್ಲೌಸು ಕೊಡಲು ದಸರಾಕ್ಕೆ ಮೊದಲು ಠಾಣೆಗೆ ಹೋದೆ. ಸಾನಪಾಡಾದಿಂದ ಠಾಣೆಗೆ ಅರ್ಧ ಗಂಟೆಯ ದಾರಿ, ಅಷ್ಟರಲ್ಲೇ ಒಂದಕ್ಕೆ ಅವಸರವಾಗಿ ಕಾಲು ಹೆಣೆದು ಕೂತಿದ್ದೆ. ಟೈಲರಕ್ಕ ಅಳತೆ ತೆಗೆದರು. ಉಸಿರು ಬಿಡಿ ಎಂದರು, ಬಿಟ್ಟೆ. ಪುಸ್ತಕದ ನನ್ನ ಪುಟ ನೋಡಿದರು. ಇನ್ನೊಮ್ಮೆ ಟೇಪು ಸುತ್ತಿದರು. ಹಳೆಯ ಅಳತೆ ಯುಗಾದಿಯದ್ದು. ಅಲ್ಲಿಂದ ಇಲ್ಲಿಗೆ ತೋಳು ಅರ್ಧ ಇಂಚು ಇಳಿದಿತ್ತು, ಹೊಟ್ಟೆ ಎರಡೂವರೆ ಇಂಚು ಏರಿತ್ತು. ಪ್ರಶ್ನೆಗಳು ಶುರುವಾದವು. ಎಲ್ಲಕ್ಕೂ ನಾನು ಇಲ್ಲ ಎಂದೆ. ಸುಳ್ಳು ಹೇಳುವುದು ಹೇಗೂ ಅಭ್ಯಾಸವಾಗಿತ್ತು. ನಡುವೆ ಎರಡು ಸಲ ಅವರ ಮನೆಯ ಬಚ್ಚಲಿಗೆ ಹೋಗಿ ಬಂದೆ. ಎರಡನೆಯ ಸಲ ಹೊರಬಂದಾಗ ಅವರು ಪಿನ್ನುಗಳನ್ನು ದಿಂಬಿಗೆ ಚುಚ್ಚುತ್ತಿದ್ದರು.

"ದಪ್ಪ ಆಗುವವರಿಗೆ ತೋಳೂ ದಪ್ಪ ಆಗ್ತದೆ. ನಿಮ್ಮದು ಹಾಗಲ್ಲ," ಎಂದರು. "ಡಾಕ್ಟರ ಚೀಟಿ ತನ್ನಿ. ಅದಿಲ್ಲದೆ ಈ ಬ್ಲೌಸಿಗೆ ನಾನು ಕತ್ತರಿ ಹಾಕುದಿಲ್ಲ."

ಮೈ ಉರಿದುಹೋಯಿತು. ಮಗಳ ಮದುವೆಯ ಸಂಭ್ರಮದಲ್ಲಿ ಇಂಥ ಅಪಶಕುನದ ಮಾತಾ? ಎರಡು ವರ್ಷದ ಹಿಂದೆ ಶಿಬಿರದಲ್ಲಿ ಪ್ಯಾಪ್ ಟೆಸ್ಟ್ ಮಾಡಿಸಿದ್ದೇನೆ, ಎಲ್ಲ ಸರಿ ಇದೆ ಎಂದಿದ್ದಾರೆ, ನೀವು ಮಿಷನ್ ತುಳಿಯುವುದು ಬಿಟ್ಟು ಡಾಕ್ಟರಿಕೆ ಯಾವಾಗ ಕಲಿತಿರಿ ಎಂದು ಕೇಳಿದೆ. ಅದು ಗರ್ಭಕೋಶದ ಬಾಯಿಯ ಪರೀಕ್ಷೆ, ಅಂಡಾಶಯದ್ದು ಅದರಲ್ಲಿ ತಿಳಿಯುವುದಿಲ್ಲ ಎಂದರು, ಅಷ್ಟೇ ಮೆಲ್ಲಗೆ. ನಾನು ಬಟ್ಟೆಯನ್ನು ಕಿತ್ತುಕೊಂಡು ಬಂದೆ. ವಾಶಿಯ ಹೊಳೆಯುವ ಗಾಜಿನ ಬಾಗಿಲಿನ ಟೈಲರ್ ಅಂಗಡಿಗೆ ಕೊಟ್ಟೆ. ಅಲ್ಲಿನ ಹುಡುಗಿ ನನ್ನ ಹೊಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನಿಮ್ಮ ಫಿಗರ್ ಚೆನ್ನಾಗಿದೆ ಎಂದಳು. ಸಂತೋಷದಿಂದ ಮನೆಗೆ ಬಂದೆ.

ನಾಲ್ಕು ದಿನ ಬಿಟ್ಟು, ಬೆಳಗ್ಗೆ ಹನ್ನೊಂದಕ್ಕೆ ಬೆಲ್ಲಾಯಿತು. ಬಾಗಿಲು ತೆಗೆದರೆ ಟೈಲರಕ್ಕ.

ಆ ಹೆಂಗಸು ಅಂಗಡಿ ಬಿಟ್ಟು ತರಕಾರಿ ಮಾರ್ಕೆಟಿನಾಚೆ ಹೋದದ್ದನ್ನು ನಾನು ಕಂಡವಳಲ್ಲ. ಟ್ರೇನೆಂದರೆ ಹೆದರಿಕೆ. ಅದೂ ದಸರಾ ದೀಪಾವಳಿಯ ಸೀಸನ್ನು. ಟೈಲರುಗಳು ನೀರು ಕುಡಿಯಲೂ ಏಳದ ದಿನಗಳು. ಹೇಳಿದ ದಿನ ತಪ್ಪಿಸದ ಅವರು ಹತ್ತು ಮನೆಯ ಬಟ್ಟೆ ಬದಿಗಿಟ್ಟು, ಬಾಗಿಲು ಹಾಕಿ, ಯಾರನ್ನೋ ಕೇಳಿ ಕೇಳಿ ಪ್ಲಾಟ್‌ಫಾರ್ಮ್ ಹುಡುಕಿ, ಸಾನಪಾಡಾದಲ್ಲಿ ಇಳಿದು, ಸೆಕ್ಟರು ಸೆಕ್ಟರು ಸುತ್ತಿ ನನ್ನ ಮನೆ ಹಿಡಿದಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ನಮ್ಮ ಮನೆಯವರು ಅವರನ್ನು ಕೂರಿಸಿ, ಅವಳದ್ದು ಗ್ಯಾಸ್ ಅಕ್ಕ, ಸುಮ್ಮನೆ ತಲೆಬಿಸಿ ಮಾಡಬೇಡಿ ಎಂದು ನಕ್ಕರು. ಟೈಲರಕ್ಕ ಅವರ ಕಡೆ ತಿರುಗಲೂ ಇಲ್ಲ. ಚೀಲದಿಂದ ಹಳೆಯದೊಂದು ಚೂಡಿದಾರದ ಟಾಪು ತೆಗೆದರು. ಹಸಿರು ಹತ್ತಿಬಟ್ಟೆ, ಸಣ್ಣ ಬಿಳಿ ಹೂವು. ಅದನ್ನು ಒಳಗು ಹೊರಗು ಮಾಡಿ ನನ್ನ ಮಡಿಲಲ್ಲಿ ಹರಡಿದರು.

ಬಟ್ಟೆಯ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ, ಗಮನಿಸಿದ್ದೀರಾ? ಆ ಟಾಪಿನ ಬದಿಯಲ್ಲಿ, ಸೊಂಟದ ಹತ್ತಿರ, ಅಂಥ ತೂತುಗಳ ಮೂರು ಸಾಲು ಇದ್ದವು, ಒಂದರ ಪಕ್ಕ ಒಂದು. ನಾಲ್ಕನೆಯ ಸಾಲಿನಲ್ಲಿ ಹೊಲಿಗೆ ಇತ್ತು. ಅದರಾಚೆ ಬಿಡಿಸಲು ಬಟ್ಟೆಯೇ ಇರಲಿಲ್ಲ.

"ನನ್ನ ತಂಗಿಯದ್ದು," ಎಂದರು. "ಡೊಂಬಿವಲಿಯಲ್ಲಿ ಇದ್ದಳು. ಮೂರು ಸಲ ತಂದಳು, ಬಿಗಿ ಆಗ್ತದೆ ಅಕ್ಕ, ಸ್ವಲ್ಪ ಬಿಡಿಸಿ ಕೊಡು ಅಂತ. ಮೂರು ಸಲವೂ ಬಿಡಿಸಿ ಕೊಟ್ಟೆ. ಗಂಡನ ಹೋಟ್ಲಿನ ಬನ್ಸ್ ತಿಂದು ಹೊಟ್ಟೆ ಬಂದಿದೆ ನಿಂಗೆ ಅಂತ ತಮಾಷೆ ಮಾಡಿದೆ. ಮತ್ತೆ ಗೊತ್ತಾಗುವಾಗ ಎಲ್ಲ ಕಡೆ ಹರಡಿತ್ತು."

ಮುಂದಿನದನ್ನು ಅವರು ತುಂಡು ತುಂಡಾಗಿ ಹೇಳಿದರು. ತಂಗಿಗೂ ಊಟ ಸೇರುತ್ತಿರಲಿಲ್ಲ. ಶ್ರಾವಣ ಅಲ್ಲವಾ, ಉಪವಾಸ ಮಾಡುತ್ತಾಳೆ, ಎಷ್ಟು ನಿಷ್ಠೆ ಎಂದು ಅತ್ತೆಮನೆಯಲ್ಲಿ ಹೆಮ್ಮೆಪಟ್ಟಿದ್ದರಂತೆ. ಅದನ್ನು ಕೇಳುವಾಗ ನನ್ನ ಕಿವಿ ಬಿಸಿಯಾಯಿತು. ಗ್ಯಾಸಿನ ಡಾಕ್ಟರು, ಆಮೇಲೆ ಮೂತ್ರದ ಸೋಂಕಿನ ಔಷಧ, ಹೀಗೆ ತಿಂಗಳುಗಳು ಹೋದವು. ತಂಗಿ ತೀರಿಕೊಂಡ ಮೇಲೆ ಟೈಲರಕ್ಕ ಒಂದು ಕೆಲಸ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ತಂಗಿಯನ್ನು ಸೇರಿಸಿದ್ದ ಆ ಆಸ್ಪತ್ರೆಯ ಕಡೆ ತಲೆಹಾಕಿ ಮಲಗುತ್ತಿರಲಿಲ್ಲ. ಇವರು ಹದಿನೈದನೆಯ ದಿನ ಅಲ್ಲಿಗೇ ಹೋಗಿ, ಹೊರರೋಗಿಗಳ ಸಾಲಿನಲ್ಲಿ ಚೀಟಿ ಮಾಡಿಸಿ ಕೂತು, ತಂಗಿಯನ್ನು ನೋಡಿದ ಡಾಕ್ಟರಮ್ಮನ ಎದುರು ನಿಂತು ಕೇಳಿದರಂತೆ: "ನಾನು ಎಂತ ನೋಡಬೇಕಿತ್ತು?"

ಯಾಕೆ ಉಳಿಸಲಿಲ್ಲ ಎಂದಲ್ಲ. ನಾನು ಎಂತ ನೋಡಬೇಕಿತ್ತು ಎಂದು. ಈ ಮಾತನ್ನು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ಡಾಕ್ಟರಮ್ಮ ಹೇಳಿದ್ದನ್ನು ಅಳತೆಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡರು: ಉಬ್ಬಿದ ಹೊಟ್ಟೆ, ಬೇಗ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ, ಹೊಸತಾಗಿ ಬಂದು, ಬಿಡದೆ ಇದ್ದರೆ. ಎಲ್ಲರಿಗೂ ಮಾಡಿಸಿ ಮೊದಲೇ ಕಂಡುಹಿಡಿಯುವಂಥ ನಂಬಿಗೆಯ ಪರೀಕ್ಷೆ ಇದಕ್ಕೆ ಇಲ್ಲ, ಮೈ ಹೇಳುವುದನ್ನು ಬೇಗ ಕೇಳಿಸಿಕೊಳ್ಳಬೇಕು ಅಷ್ಟೇ ಎಂದರಂತೆ ಆ ಡಾಕ್ಟರಮ್ಮ. ಅವತ್ತಿನಿಂದ ಬ್ಲೌಸಿಗೂ ಹೊಟ್ಟೆಯ ಅಳತೆ. ಗಿರಾಕಿಯ ಮೈಯ ಬಗ್ಗೆ ಮಾತಾಡಬಾರದು ಎನ್ನುವುದು ಟೈಲರುಗಳ ಮರ್ಯಾದೆ. ಆ ಮರ್ಯಾದೆಯನ್ನು ತಂಗಿಯ ಜೊತೆ ಕಳಿಸಿಕೊಟ್ಟೆ ಎಂದರು.

ನಾನು ಆ ತೂತುಗಳ ಮೇಲೆ ಬೆರಳಾಡಿಸುತ್ತಾ ಕೂತೆ. ಮೊದಲ ಸಾಲಿನಿಂದ ಎರಡನೆಯದಕ್ಕೆ ಒಂದು ಬೆರಳಿನ ಅಗಲ. ಮೊದಲ ಸಾಲಿನಲ್ಲಿದ್ದಾಗ ಯಾರಾದರೂ ಕೇಳಿದ್ದರೆ? ಎದ್ದು ಚಪ್ಪಲಿ ಹಾಕಿಕೊಂಡೆ. ಎಲ್ಲಿಗೆ ಎಂದರು ನಮ್ಮ ಮನೆಯವರು. ಸೋನೋಗ್ರಫಿಗೆ ಎಂದೆ.

ಟೈಲರಕ್ಕ ಜೊತೆಗೇ ಬಂದರು. ಸೋನೋಗ್ರಫಿಗೆಂದು ಲೋಟ ಲೋಟ ನೀರು ಕುಡಿದು ನಾನು ಒದ್ದಾಡುವಾಗ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಸೆರಗಿನ ಬಿಚ್ಚಿದ ಅಂಚನ್ನು ಮಡಚಿ ಪಿನ್ನು ಹಾಕುತ್ತಿದ್ದರು. ಎಡಗಡೆಯ ಅಂಡಾಶಯದಲ್ಲಿ ಗಡ್ಡೆ ಇತ್ತು. ಆಮೇಲೆ ರಕ್ತಪರೀಕ್ಷೆ, ಸ್ಕ್ಯಾನು, ದೊಡ್ಡ ಆಸ್ಪತ್ರೆ, ಆಪರೇಷನ್ನು. ಕ್ಯಾನ್ಸರೇ ಹೌದು ಎಂದಾಯಿತು. ಆದರೆ ಗಡ್ಡೆ ಒಡೆದಿರಲಿಲ್ಲ, ಆಚೆ ಹರಡಿರಲಿಲ್ಲ. ಆಪರೇಷನ್ ಮಾಡಿದ ಡಾಕ್ಟರು ಫೈಲು ತಿರುವುತ್ತಾ, ನಮ್ಮ ಹತ್ತಿರ ಬರುವಾಗ ಹೆಚ್ಚಿನವರಿಗೆ ತಡವಾಗಿರುತ್ತದೆ, ನಿಮ್ಮನ್ನು ಇಷ್ಟು ಬೇಗ ಕಳಿಸಿದ ಡಾಕ್ಟರು ಯಾರು ಎಂದು ಕೇಳಿದರು. ನನ್ನ ಟೈಲರು ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಮಗಳ ಮದುವೆ ಮೂರು ತಿಂಗಳು ಮುಂದೆ ಹೋಯಿತು. ಕೀಮೋದಲ್ಲಿ ಕೂದಲು ಉದುರಿತ್ತು, ಮೈ ಇಳಿದಿತ್ತು, ವಾಶಿಯ ಬ್ಲೌಸು ನನ್ನ ಮೇಲೆ ಜೋತಾಡುತ್ತಿತ್ತು. ಟೈಲರಕ್ಕ ಅದನ್ನು ಪೂರ್ತಿ ಬಿಚ್ಚಿ, ಹೊಲಿಗೆಗಳನ್ನು ನೋಡಿ ಮೂಗು ಮುರಿದು, ಹೊಸತಾಗಿ ಹೊಲಿದು ಕೊಟ್ಟರು. ಮದುವೆಗೆ ಕರೆದೆ, ಬಂದರು. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತರು. ನಾನು ಕೈಹಿಡಿದು ಎಳೆದು ತಂದು ಬೀಗರ ಮುಂದೆ, ಇವರು ನನಗೆ ದೇವರು ಎಂದೆ. "ಸುಮ್ನಿರಿ, ಅಳತೆ ಹೇಳಿದ್ದು ಅಷ್ಟೆ," ಎಂದು ಕೈ ಬಿಡಿಸಿಕೊಂಡು ಪಾಯಸ ತಿನ್ನಲು ಹೋದರು. ಆಮೇಲೊಮ್ಮೆ ಕಲ್ಯಾಣ್ ಊರಿನ ಗಿರಾಕಿಯೊಬ್ಬಳಿಗೆ ಇವರು ಎಷ್ಟು ಹೇಳಿದರೂ ಅವಳು ಹೋಗಲಿಲ್ಲ, ಹೋಗುವಾಗ ತಡವಾಗಿತ್ತು. ಆ ಸುದ್ದಿ ಬಂದ ದಿನ ಮಾತ್ರ ಅವರು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತದ್ದನ್ನು ನೋಡಿದ್ದೇನೆ. ಅವಳ ಮನೆಗೂ ಹೋಗಬೇಕಿತ್ತು, ಫೋನಿನಲ್ಲೇ ಮುಗಿಸಿದೆ ಎಂದು ಬಹಳ ದಿನ ತನ್ನನ್ನೇ ಬೈದುಕೊಂಡರು.

ಫೋನು ಬಂದ ಮರುದಿನ ಠಾಣೆಗೆ ಹೋದೆ. ಮಲಗಿದವರು ಬೆಳಗ್ಗೆ ಏಳಲಿಲ್ಲವಂತೆ, ಹೃದಯಾಘಾತ. ಸೊಸೆ ಬಟ್ಟೆಗಳನ್ನು ಹೆಸರಿನ ಚೀಟಿ ಸಮೇತ ಸಾಲಾಗಿ ಜೋಡಿಸಿದ್ದಳು. ನನ್ನ ಗಂಟು ಬಿಚ್ಚಿದೆ. ನೇರಳೆ ಬಣ್ಣದ ಬ್ಲೌಸು, ಕತ್ತರಿಸಿ ಆಗಿತ್ತು, ಹೊಲಿದಿರಲಿಲ್ಲ. ಅದಕ್ಕೆ ಚುಚ್ಚಿದ ಚೀಟಿಯಲ್ಲಿ ಅವರ ದುಂಡಗಿನ ಅಕ್ಷರ: ಎದೆ, ತೋಳು, ಬೆನ್ನು, ಒಂದೊಂದರ ಮುಂದೆ ಅಂಕೆ. ಹೊಟ್ಟೆಯ ಮುಂದೆ ಅಂಕೆ ಇರಲಿಲ್ಲ. "ಹೋದ ವರ್ಷದ ಹಾಗೇ ಉಂಟು" ಎಂದು ಬರೆದಿದ್ದರು. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಸೊಸೆ ನೀರು ತಂದುಕೊಟ್ಟಳು.

ಹೊರಡುವಾಗ ಅವಳು ಮೂಲೆಯ ಮೊಳೆಯಿಂದ ಬಿಳಿ ಹೂವಿನ ಆ ಹಸಿರು ಟಾಪು ತೆಗೆದು ತೋರಿಸಿದಳು. "ಆಂಟಿ, ಇದಕ್ಕೆ ಚೀಟಿ ಇಲ್ಲ. ಬಹುತ್ ಪುರಾನಾ ಹೈ. ಯಾರದು ಗೊತ್ತುಂಟಾ?"

ನನ್ನದು ಎಂದೆ.

ಅವಳು ಟಾಪಿನ ಅಳತೆ ನೋಡಿದಳು, ನನ್ನನ್ನು ನೋಡಿದಳು. ನನ್ನ ಒಂದು ತೋಳೂ ಅದರ ತೋಳಿನೊಳಗೆ ಹಿಡಿಯುವಂತಿರಲಿಲ್ಲ. ಮಡಚಲು ಶುರುಮಾಡಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಒಳಗಿನ ಬದಿ ಹೊರಗೆ ಮಾಡಿ ಮಡಚು, ಹೊಲಿಗೆ ಬಿಚ್ಚಿದ ಸಾಲು ಕಾಣುವ ಹಾಗೆ ಎಂದೆ. ಯಾಕೆ ಎಂದು ಕೇಳಿದಳು. ಕೂತುಕೋ, ಹೇಳುತ್ತೇನೆ ಎಂದು ಅವಳನ್ನು ಆ ಸ್ಟೂಲಿನ ಮೇಲೆ ಕೂರಿಸಿದೆ.